ಹೊಂದುವುದಿಲ್ಲ ಎಂದಿದ್ದ ಸ್ಟೆಪ್ನಿ

ಡುವಾಲ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಇದೆ. ಬೆಟ್ಟದ ಕಡೆ ಹೊರಡುವ ದಿನ ಅದು ಗಾಡಿಯ ಹಿಂಭಾಗಕ್ಕೆ ಏರುತ್ತದೆ. ಅದರೊಳಗೆ ಒಂದು ಫ್ಯಾನ್ ಬೆಲ್ಟ್, ರೇಡಿಯೇಟರಿನ ಎರಡು ಪೈಪು, ಫ್ಯೂಸುಗಳ ಡಬ್ಬಿ, ಪಂಕ್ಚರ್ ಕಿಟ್, ಗಾಳಿ ತುಂಬುವ ಸಣ್ಣ ಪಂಪು, ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಅಗಲವಾದ ಪಟ್ಟಿ, ಮೆತ್ತನೆಯ ನೆಲದಲ್ಲಿ ಜಾಕಿನ ಕೆಳಗಿಡಲು ಒಂದು ದಪ್ಪ ಹಲಗೆ. ಸ್ಟೆಪ್ನಿ ಗಾಡಿಯ ಹಿಂಬಾಗಿಲಿನ ಮೇಲೆಯೇ ಇರುತ್ತದೆ. ಅದರ ಗಾಳಿಯನ್ನು ನಾನು ಪ್ರತಿ ತಿಂಗಳ ಮೊದಲ ಶನಿವಾರ ನೋಡುತ್ತೇನೆ. ನನ್ನ ಗಂಡ ಇದನ್ನೆಲ್ಲ ‘ನಿನ್ನ ವರ್ಕ್‌ಶಾಪು’ ಎನ್ನುತ್ತಾರೆ. ಅವರಿಗೆ ಬೆಟ್ಟದ ರಸ್ತೆಗಳ ಮೇಲೆ ಆಸಕ್ತಿಯಿಲ್ಲ. ಗಾಡಿಯ ಹುಚ್ಚು ನನ್ನದು.

ಆದರೆ ಪೆಟ್ಟಿಗೆ ಹುಚ್ಚಿನಿಂದ ಬಂದದ್ದಲ್ಲ. ಮಗಳಿಗೆ ಒಂಬತ್ತು ವರ್ಷವಿದ್ದಾಗ, ನವೆಂಬರಿನ ಒಂದು ಮಧ್ಯಾಹ್ನ, ನಾನೂ ಅವಳೂ ಇಬ್ಬರೇ ಒಂದು ಕಾಡುರಸ್ತೆಯಲ್ಲಿದ್ದಾಗ ಟೈರು ಹೋಯಿತು. ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲಿ ಗಾಳಿಯೇ ಇರಲಿಲ್ಲ. ಗಾಡಿ ಕೊಂಡ ದಿನದಿಂದ ಅದನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಪೆಟ್ರೋಲು ಕಡಿಮೆಯಿತ್ತು. ಹತ್ತು ನಿಮಿಷ ಹೀಟರ್ ಹಾಕುವುದು, ಅರ್ಧ ಗಂಟೆ ಆರಿಸುವುದು, ಹೀಗೆ ಐದು ಗಂಟೆ ಕೂತೆವು. ಮಗಳು ಮೊದಲು ಅತ್ತಳು, ಆಮೇಲೆ ನಡುಗಿದಳು. ಕೊನೆಗೆ ನಡುಗುವುದೂ ನಿಂತು, ಮಾತು ತೊದಲತೊಡಗಿತು. ನನ್ನ ಜಾಕೆಟ್ಟಿನೊಳಗೆ ಅವಳ ಎರಡೂ ಪಾದಗಳನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದೆ. ಸೌದೆಗೆ ಬಂದಿದ್ದ ಒಬ್ಬಾತ ನಮ್ಮನ್ನು ನೋಡದೇ ಹೋಗಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅದಾದ ಮೇಲೆ ಬಹಳ ದಿನ ಆ ತಣ್ಣನೆಯ ಪಾದಗಳು ನನ್ನ ಹೊಟ್ಟೆಯ ಮೇಲೆ ಇದ್ದ ಹಾಗೆಯೇ ಅನ್ನಿಸುತ್ತಿತ್ತು.

ಇನ್ನು ಹೇಳಬೇಕಾದದ್ದು ಅದಾಗಿ ಮೂರು ವರ್ಷದ ನಂತರದ ಮಾತು. ಅಕ್ಟೋಬರಿನ ಮಧ್ಯಭಾಗ. ನನ್ನ ಗಂಡನ ಅಕ್ಕ ಉಡುಪಿಯಿಂದ ಈ ದೇಶಕ್ಕೆ ಬಂದು, ನಮ್ಮೂರಿಂದ ಒಂದು ಗಂಟೆ ದೂರದ ಮುಕಿಲ್ಟಿಯೊದಲ್ಲಿ ತಮ್ಮ ಮಗಳ ಮನೆಯಲ್ಲಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಅರವತ್ತು ದಾಟಿದರೂ ಬೆನ್ನು ನೆಟ್ಟಗೆ, ದನಿ ಮೈದಾನದ ಆಚೆ ತುದಿಗೆ ಕೇಳುವಂಥದ್ದು. ಊರಿಗೆ ಮರಳಲು ಎರಡು ವಾರವಿದ್ದಾಗ ನನಗೆ ಫೋನ್ ಮಾಡಿದರು.

“ಎಲ್ಲರೂ ನನ್ನನ್ನು ಅಂಗಡಿಗೇ ಕರ್ಕೊಂಡು ಹೋಗುದು ಮಾರಾಯ್ತಿ. ನೀನು ಕಾಡಿಗೆ ಹೋಗ್ತಿ ಅಲ್ವಾ, ನನ್ನನ್ನೂ ಒಂದು ಸಲ ಕರ್ಕೊಂಡು ಹೋಗು.”

“ರಸ್ತೆ ಚೆನ್ನಾಗಿರಲ್ಲ ಅತ್ತಿಗೆ, ಸೊಂಟಕ್ಕೆ ಕಷ್ಟ ಆಗುತ್ತೆ” ಎಂದೆ.

“ನನ್ನ ಸೊಂಟಕ್ಕೆ ಎಂತ ಆಗುದಿಲ್ಲ. ನೀನು ಬಾ.”

ಭಾನುವಾರ ಬೆಳಿಗ್ಗೆ ಅವರನ್ನು ಹತ್ತಿಸಿಕೊಂಡು ಹೊರಟೆವು. ನಾನು, ಅತ್ತಿಗೆ, ಹಿಂದಿನ ಸೀಟಿನಲ್ಲಿ ಹನ್ನೆರಡು ವರ್ಷದ ಮಗಳು. ಸಂಜೆಗೆ ಎತ್ತರದ ಜಾಗಗಳಲ್ಲಿ ಹಿಮ ಬೀಳಬಹುದೆಂದು ಮುನ್ಸೂಚನೆಯಿತ್ತು. ಮೂರು ಗಂಟೆಯೊಳಗೆ ಟಾರು ರಸ್ತೆಗೆ ಇಳಿದಿರಬೇಕು ಎಂದುಕೊಂಡಿದ್ದೆ. ಸ್ನೊಕ್ವಾಲ್ಮಿ ಊರು ದಾಟಿ ಮುಂದೆ ಹೋಗಿ, ಜಲ್ಲಿಯ ಕಾಡುರಸ್ತೆ ಹಿಡಿದು ಇಪ್ಪತ್ತು ಮೈಲಿ ಮೇಲೇರಿದೆವು. ಆ ರಸ್ತೆಯ ಜಲ್ಲಿ ದುಂಡಗಿನದಲ್ಲ, ಬಂಡೆ ಒಡೆದು ಹಾಕಿದ ಚೂಪು ಕಲ್ಲು. ನಾನು ಉದ್ದಕ್ಕೂ ಹದಿನೈದು ಮೈಲಿಯ ವೇಗ ದಾಟಲಿಲ್ಲ. ಮೇಲೆ ಒಂದು ತಿರುವಿನಲ್ಲಿ ನಿಲ್ಲಿಸಿ ಪುಳಿಯೋಗರೆ ತಿಂದೆವು. ಅತ್ತಿಗೆ ಕಣಿವೆಯ ಕಡೆ ನೋಡುತ್ತ ಬಹಳ ಹೊತ್ತು ನಿಂತಿದ್ದರು. ಒಂದು ಗಂಟೆಗೆ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತು. ಹೇಳಿದ್ದಕ್ಕಿಂತ ಬೇಗ ಬರುತ್ತಿದೆ ಎನ್ನಿಸಿ ತಕ್ಷಣ ಇಳಿಯತೊಡಗಿದೆ.

ನಾಲ್ಕೈದು ಮೈಲಿ ಇಳಿದಿರಬಹುದು. ರಸ್ತೆಯ ಬದಿಯಲ್ಲಿ ಒಂದು ಹಳೆಯ ಹಸಿರು ಗಾಡಿ ನಿಂತಿತ್ತು. ನಮ್ಮ ಗಾಡಿಯ ಕಂಪನಿಯದೇ, ಹದಿನೈದು ಇಪ್ಪತ್ತು ವರ್ಷ ಹಿಂದಿನ ಮಾದರಿ. ಬಿಳಿಗಡ್ಡದ ಒಬ್ಬ ಮುದುಕ ರಸ್ತೆಗೆ ಬಂದು ಎರಡೂ ಕೈ ಎತ್ತಿದ. ಗಾಡಿಯೊಳಗೆ ಅವನ ಹೆಂಡತಿ ಕೂತಿದ್ದಳು. ಅವಳ ಮಡಿಲಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಹಳದಿ ಅಣಬೆ.

ನಾನು ಇಳಿದೆ, ಮಗಳೂ ಇಳಿದಳು. ಅವನ ಗಾಡಿಯ ಬಲಗಡೆಯ ಹಿಂದಿನ ಟೈರಿನ ಮಗ್ಗುಲು ಅಂಗೈಯಗಲ ಸೀಳಿಹೋಗಿತ್ತು. ಅಂಥ ಸೀಳಿಗೆ ಪಂಕ್ಚರ್ ಕಿಟ್ ನಡೆಯುವುದಿಲ್ಲ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಬೆಳಿಗ್ಗೆಯೇ ಒಂದು ಹೋಯಿತು, ಸ್ಟೆಪ್ನಿ ಹಾಕಿದೆ. ಈಗ ಅದೂ ಹೋಯಿತು. ಮುಕ್ಕಾಲು ಗಂಟೆಯಿಂದ ಇಲ್ಲೇ ಇದ್ದೇವೆ, ಯಾರೂ ಬಂದಿಲ್ಲ.” ಅವನ ಕಣ್ಣು ನಮ್ಮ ಗಾಡಿಯ ಹಿಂಬಾಗಿಲಿನ ಕಡೆ ಹೋಯಿತು. “ನಿಮ್ಮ ಸ್ಟೆಪ್ನಿಯನ್ನು ಕೆಳಗೆ ಟಾರು ರಸ್ತೆವರೆಗೆ ಕೊಡುತ್ತೀರಾ? ನೀವು ನನ್ನ ಹಿಂದೆಯೇ ಬನ್ನಿ. ಅಲ್ಲಿ ಫೋನ್ ಸಿಗುತ್ತದೆ, ನಾನು ಯಾರನ್ನಾದರೂ ಕರೆಸಿಕೊಳ್ಳುತ್ತೇನೆ. ಅಲ್ಲೇ ಬಿಚ್ಚಿ ನಿಮ್ಮದನ್ನು ನಿಮಗೆ ಕೊಟ್ಟುಬಿಡುತ್ತೇನೆ.”

ನ್ಯಾಯವಾದ ಮಾತು. ನನಗೆ ಮಾತ್ರ ಕೇಳಿಸಿದ್ದು ಬೇರೆ. ಹದಿನಾರು ಮೈಲಿ ಚೂಪು ಕಲ್ಲಿನ ಇಳಿಜಾರು, ಹಿಮ, ಹಿಂದಿನ ಸೀಟಿನಲ್ಲಿ ಮಗಳು, ಬಾಗಿಲ ಮೇಲೆ ಏನೂ ಇಲ್ಲ. ಹೊಟ್ಟೆಯ ಮೇಲೆ ಆ ಪಾದಗಳು ಮತ್ತೆ ಬಂದವು.

“ಕ್ಷಮಿಸಿ. ನಟ್ಟಿನ ಅಳತೆ ಬೇರೆ. ನಿಮ್ಮ ಗಾಡಿಗೆ ಇದು ಹೊಂದುವುದಿಲ್ಲ” ಎಂದೆ.

ಅದು ಸುಳ್ಳು. ಆ ಕಂಪನಿಯ ಆ ಎರಡೂ ಮಾದರಿಗಳಿಗೆ ಆರು ನಟ್ಟು, ಒಂದೇ ಅಳತೆ. ಇಂಥ ವಿಷಯಗಳನ್ನು ಓದಿ ಓದಿ ನನಗೆ ಬಾಯಿಪಾಠವಾಗಿತ್ತು. ನನ್ನ ಟೈರು ಸ್ವಲ್ಪ ದೊಡ್ಡದು, ಅಷ್ಟೇ. ನಿಧಾನವಾಗಿ ಹೋದರೆ ನಡೆಯುತ್ತದೆ.

ಮುದುಕ ಸ್ಟೆಪ್ನಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ, ನನ್ನ ಪಕ್ಕದಲ್ಲಿದ್ದ ಮಗಳನ್ನು ನೋಡಿದ. “ಸರಿ” ಎಂದ.

“ನಮ್ಮ ಗಾಡಿಯಲ್ಲಿ ಬನ್ನಿ, ಇಬ್ಬರನ್ನೂ ಕೆಳಗೆ ಬಿಡ್ತೀನಿ” ಎಂದೆ. ಅವನು ಹೆಂಡತಿಯ ಹತ್ತಿರ ಹೋಗಿ ಏನೋ ಕೇಳಿದ. ಅವಳು ತಲೆಯಾಡಿಸಿದಳು. ಗಾಡಿ ಬಿಟ್ಟು ಬರಲು ಅವರಿಗೆ ಮನಸ್ಸಿರಲಿಲ್ಲ. ಹಿಮ ಬಿದ್ದರೆ ಆ ರಸ್ತೆ ಮುಂದಿನ ಬೇಸಿಗೆಯವರೆಗೆ ತೆರೆಯುವುದಿಲ್ಲ, ಗಾಡಿ ಅಲ್ಲೇ ಉಳಿಯುತ್ತದೆ. “ಕೆಳಗಿಳಿದ ಕೂಡಲೇ ಫೋನ್ ಮಾಡಿ ಸಹಾಯ ಕಳಿಸಿ, ಸಾಕು” ಎಂದ.

ನಾನು ಎರಡು ಕಂಬಳಿ ಕೊಟ್ಟೆ. ಕಾಫಿಯ ಫ್ಲಾಸ್ಕ್ ಕೊಟ್ಟೆ. ನೀರಿನ ಬಾಟಲಿ, ಬಿಸ್ಕತ್ತು, ಉಳಿದಿದ್ದ ಪುಳಿಯೋಗರೆಯ ಡಬ್ಬಿಯನ್ನೂ ಕೊಟ್ಟೆ. ಕೊಡುತ್ತ ಕೊಡುತ್ತ ನನ್ನ ಕೈ ಅವಸರ ಮಾಡುತ್ತಿತ್ತು. ಅವನು ಪ್ರತಿಯೊಂದಕ್ಕೂ ಧನ್ಯವಾದ ಹೇಳಿದ.

ಗಾಡಿ ಹತ್ತಿದೆವು. ಹೊರಟ ಐದು ನಿಮಿಷಕ್ಕೆ ಗಾಜಿನ ಮೇಲೆ ಹನಿಯ ಜೊತೆ ಹಿಮದ ಚೂರು ಬೀಳತೊಡಗಿತು. ಅತ್ತಿಗೆ ಎರಡು ಸಲ ಹಿಂದೆ ತಿರುಗಿ ನೋಡಿದರು.

“ಅವರಿಗೆ ನಮ್ಮ ಟೈರು ಆಗುದೇ ಇಲ್ವಾ?”

“ಆಗಲ್ಲ ಅತ್ತಿಗೆ.”

ಮತ್ತೆ ಸ್ವಲ್ಪ ದೂರ ಹೋದೆವು. ಆಗ ಹಿಂದಿನಿಂದ ಮಗಳ ದನಿ ಬಂತು. ಅವಳು ನಮ್ಮ ಕನ್ನಡವನ್ನೆಲ್ಲ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಬರುವುದು ಇಂಗ್ಲಿಷಿನಲ್ಲೇ.

“ಅಮ್ಮಾ, ಐ ಕೌಂಟೆಡ್. ದೇ ಹ್ಯಾವ್ ಸಿಕ್ಸ್.”

ನಾನು ರಸ್ತೆ ನೋಡುತ್ತಿದ್ದೆ. ಆ ನವೆಂಬರಿನ ನಂತರ ನಟ್ಟು ಬಿಗಿ ಮಾಡುವಾಗಲೆಲ್ಲ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಕ್ರಮದಲ್ಲಿ, ಎಷ್ಟು ಬಿಗಿ ಎಂದು ಕಲಿಸಿದ್ದು ನಾನೇ.

“ನಟ್ಟಿನ ಸಂಖ್ಯೆ ಒಂದೇ ಇದ್ರೂ ಅಳತೆ ಬೇರೆ ಇರುತ್ತೆ” ಎಂದೆ.

“ಸೇಮ್ ಕಂಪನಿ, ಅಮ್ಮಾ. ಯು ಟೋಲ್ಡ್ ಮಿ ದೇ ಆರ್ ಆಲ್ ಸೇಮ್.”

ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದಾರೆ ಎಂದು ತಿರುಗದೆಯೂ ಗೊತ್ತಾಗುತ್ತಿತ್ತು.

“ಮಗು ಹೇಳುದು ಹೌದಾ?” ಎಂದರು. ದನಿ ಮೆಲ್ಲಗಿತ್ತು. ಅವರು ಜೋರಾಗಿ ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

“ಹೌದು” ಎಂದೆ. ಆಮೇಲೆ ತಡೆಯಲಾಗದೆ ಒಂದೇ ಉಸಿರಿಗೆ ಹೇಳಿದೆ. “ಅತ್ತಿಗೆ, ನಿಮಗೆ ಗೊತ್ತಿಲ್ಲ. ಅವತ್ತು ಇವಳು ಮಾತು ತೊದಲ್ತಿದ್ಲು. ನಮ್ಮದೂ ಒಂದು ಟೈರ್ ಹೋದ್ರೆ ಏನ್ ಮಾಡೋದು? ಈ ಕಲ್ಲು ನೋಡಿ. ಇವಳನ್ನ ಇನ್ನೊಂದು ಸಲ ಹಾಗೆ ಕೂರಿಸೋಕೆ ನನ್ನಿಂದ ಆಗಲ್ಲ.”

ವೈಪರ್ ಓಡುತ್ತಿತ್ತು. ಹಿಮದ ಚೂರುಗಳು ದೊಡ್ಡವಾಗುತ್ತಿದ್ದವು.

“ನೀನು ಹೆದರಿದ್ದು ತಪ್ಪಲ್ಲ. ಆದರೆ ಅವರಿಗೆ ಸಹಾಯ ಬರ್ಲಿಕ್ಕೆ ಎಷ್ಟು ಹೊತ್ತು ಬೇಕು?” ಎಂದರು ಅತ್ತಿಗೆ.

ನಾನು ಲೆಕ್ಕ ಹಾಕಿದೆ. ಕೆಳಗಿಳಿಯಲು ಒಂದು ಗಂಟೆ. ಫೋನ್ ಮಾಡಿ, ಭಾನುವಾರ ಯಾರನ್ನೋ ಹಿಡಿದು, ಅವರು ಬಂದು, ಹಿಮದಲ್ಲಿ ಮೇಲೇರಲು ಕನಿಷ್ಠ ಇನ್ನು ಮೂರು ಗಂಟೆ. ರಸ್ತೆ ಮುಚ್ಚಿಹೋದರೆ ಬರುವುದೂ ಇಲ್ಲ.

“ಕತ್ತಲಾಗುತ್ತೆ” ಎಂದೆ.

“ಹಾಗಾದ್ರೆ ಹಿಂದೆ ಹೋಗುವ.”

ಗಾಡಿ ನಿಲ್ಲಿಸಿದೆ. ಕನ್ನಡಿಯಲ್ಲಿ ಮಗಳನ್ನು ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನನ್ನನ್ನು ನೋಡಲಿ ಎಂದು ಕಾದೆ, ನೋಡಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಒಂದು ನಿಮಿಷವೋ, ಮೂರೋ. ಆಮೇಲೆ ಗಾಡಿ ತಿರುಗಿಸಲು ಜಾಗ ಸಿಗುವವರೆಗೆ ಮುಂದೆ ಹೋಗಿ, ತಿರುಗಿಸಿದೆ. ಅವರನ್ನು ಬಿಟ್ಟು ಐದು ಮೈಲಿ ಬಂದಿದ್ದೆವು.

ಮೇಲೇರುತ್ತ ಹೋದಂತೆ ಜಲ್ಲಿ ಬಿಳಿಯಾಗುತ್ತಿತ್ತು. ಕಲ್ಲಿನ ಚೂಪು ಕಾಣಿಸದೇ ಹೋಯಿತು. ಪ್ರತಿ ಸಲ ಚಕ್ರದ ಕೆಳಗೆ ಏನಾದರೂ ಸಿಡಿದರೆ ನಾನು ವೇಗ ಇನ್ನಷ್ಟು ಇಳಿಸುತ್ತಿದ್ದೆ. ಆ ಐದು ಮೈಲಿಗೆ ಇಪ್ಪತ್ತೈದು ನಿಮಿಷ ಬೇಕಾಯಿತು. ಅವರು ನಿಂತಿದ್ದ ಜಾಗಕ್ಕೆ ಬಂದೆವು. ಗಾಡಿ ಅಲ್ಲಿರಲಿಲ್ಲ.

ನಾನು ಕೆಳಗಿಳಿದು ನಿಂತೆ. ಗಾಡಿ ನಿಂತಿದ್ದ ಕಡೆ ನೆಲ ಇನ್ನೂ ಕಪ್ಪಗಿತ್ತು, ಈಗಷ್ಟೇ ಹೋಗಿರಬೇಕು. ಆದರೆ ಇರುವುದು ಒಂದೇ ರಸ್ತೆ, ನಾವು ಬಂದದ್ದು ಅದೇ ರಸ್ತೆಯಲ್ಲಿ, ಎದುರಿಗೆ ಯಾರೂ ಸಿಕ್ಕಿರಲಿಲ್ಲ. ಒಂದು ಕ್ಷಣ ನನಗೆ ಸಮಾಧಾನವಾಯಿತು. ಯಾರೋ ಬಂದು ಸಹಾಯ ಮಾಡಿರಬೇಕು ಎಂದು ಅಂದುಕೊಳ್ಳಲು ನನ್ನ ಮನಸ್ಸು ತಯಾರಾಗಿಯೇ ಇತ್ತು.

“ಅಮ್ಮಾ” ಎಂದು ಮಗಳು ಕರೆದಳು. ರಸ್ತೆಯ ಮೇಲೆ ಕೈ ತೋರಿಸಿದಳು.

ಹಿಮದ ತೆಳು ಪದರಿನಲ್ಲಿ ಎಡಗಡೆ ಟೈರಿನ ಗುರುತಿತ್ತು. ಬಲಗಡೆ ಇದ್ದದ್ದು ಆಳವಾದ ಒಂದು ಗೀರು. ಮುದುಕ ಹರಿದ ಟೈರಿನ ಮೇಲೆಯೇ, ಬರಿಯ ರಿಮ್ಮಿನ ಮೇಲೆ ಗಾಡಿ ಓಡಿಸಿದ್ದ. ಗೀರು ನೂರು ಗಜ ಕೆಳಗೆ ಹೋಗಿ ಎಡಕ್ಕೆ ತಿರುಗಿತ್ತು. ಅಲ್ಲಿ ಒಂದು ಸಣ್ಣ ಒಳದಾರಿ ಇತ್ತು, ಹಿಂದೆ ಮರ ಸಾಗಿಸಲು ಮಾಡಿದ್ದು. ಮುಖ್ಯ ರಸ್ತೆಗಿಂತ ಹತ್ತಿರದ ದಾರಿ ಇರಬಹುದು, ಆದರೆ ಬಹಳ ಕಡಿದು. ನಾನು ಅದರಲ್ಲಿ ಎಂದೂ ಇಳಿದವಳಲ್ಲ.

“ಇದರಲ್ಲಿ ಹೋಗ್ಲಿಕ್ಕೆ ಆಗ್ತದಾ?” ಅತ್ತಿಗೆ ಕೇಳಿದರು.

“ನೋಡ್ತೀನಿ” ಎಂದೆ. ಗೇರನ್ನು ಅತ್ಯಂತ ಕೆಳಕ್ಕೆ ಹಾಕಿ, ನಡೆಯುವ ವೇಗದಲ್ಲಿ ಇಳಿದೆ. ಬಲಕ್ಕೆ ಬೆಟ್ಟ, ಎಡಕ್ಕೆ ಇಳುಕಲು. ಇಳುಕಲಿನ ತುಂಬ ಮರದ ಬುಡಗಳು. ಗೀರು ನಮ್ಮ ಮುಂದೆ ನೆಟ್ಟಗೆ ಹೋಗುತ್ತಿತ್ತು. ಅರ್ಧ ಮೈಲಿ ಆದಮೇಲೆ ಅದು ನೆಟ್ಟಗಿರಲಿಲ್ಲ, ಹೊರಗಡೆಗೆ ಎಳೆದುಕೊಂಡು ಹೋಗಿತ್ತು.

ತಿರುವಿನಾಚೆ ಹಸಿರು ಗಾಡಿ ಅಡ್ಡಲಾಗಿ ನಿಂತಿತ್ತು. ಮೂತಿ ಬೆಟ್ಟದ ಕಡೆ, ಹಿಂಭಾಗ ಇಳುಕಲಿನ ಕಡೆ. ಹಿಂದಿನ ಎಡ ಚಕ್ರ ರಸ್ತೆಯ ಅಂಚಿನಿಂದ ಕೆಳಕ್ಕೆ ಜಾರಿತ್ತು. ಮುದುಕಿ ಬೆಟ್ಟದ ಬದಿಯಲ್ಲಿ, ನಾನು ಕೊಟ್ಟ ಕಂಬಳಿ ಹೊದ್ದು ನಿಂತಿದ್ದಳು. ಮುದುಕ ಇನ್ನೂ ಸ್ಟೇರಿಂಗಿನ ಹಿಂದೆಯೇ ಇದ್ದ. ಬ್ರೇಕಿನಿಂದ ಕಾಲು ತೆಗೆಯಲು ಅವನಿಗೆ ಧೈರ್ಯವಿರಲಿಲ್ಲ.

ಅತ್ತಿಗೆ ನಾನು ಹೇಳುವ ಮೊದಲೇ ಇಳಿದರು. ಮುದುಕಿಯ ಹತ್ತಿರ ಹೋಗಿ, ಅವಳ ಕೈ ಹಿಡಿದು, ಕನ್ನಡ ಇಂಗ್ಲಿಷ್ ಬೆರೆಸಿ ಏನೋ ಹೇಳುತ್ತ ನಮ್ಮ ಗಾಡಿಗೆ ಕರೆತಂದು ಹೀಟರಿನ ಎದುರು ಕೂರಿಸಿದರು. ಅವಳ ಒದ್ದೆ ಬೂಟು ಬಿಚ್ಚಿ, ತಮ್ಮ ಶಾಲಿನಲ್ಲಿ ಕಾಲು ಸುತ್ತಿದರು.

ನಾನು ಮುದುಕನ ಕಿಟಕಿಯ ಹತ್ತಿರ ಹೋದೆ. ಅವನ ಮುಖ ಬಿಳಿಚಿಕೊಂಡಿತ್ತು. “ನಾನು ಹೇಳೋವರೆಗೆ ಬ್ರೇಕ್ ಬಿಡಬೇಡಿ, ಹಿಂದಿನಿಂದ ಪಟ್ಟಿ ಹಾಕಿ ಎಳೀತೀನಿ” ಎಂದೆ. ಅವನು ತಲೆಯಾಡಿಸಿದ.

ಇಂಥ ಕೆಲಸವನ್ನು ನಾನು ಎರಡು ಸಲ, ಅದೂ ಸಮತಟ್ಟಾದ ಕೆಸರಿನಲ್ಲಿ, ಕಲಿಸುವವರು ಪಕ್ಕದಲ್ಲಿದ್ದಾಗ ಮಾಡಿದ್ದೆ. ಪಟ್ಟಿಯ ಒಂದು ತುದಿಯನ್ನು ಅವನ ಗಾಡಿಯ ಹಿಂದಿನ ಕೊಕ್ಕೆಗೆ ಹಾಕಬೇಕಾಗಿತ್ತು. ಕೊಕ್ಕೆ ಇದ್ದದ್ದು ಇಳುಕಲಿನ ಅಂಚಿನಲ್ಲಿ. ಹೊಟ್ಟೆಯ ಮೇಲೆ ಮಲಗಿ, ಒಂದು ಕೈಯಿಂದ ಮರದ ಬೇರು ಹಿಡಿದು, ಇನ್ನೊಂದು ಕೈ ಚಾಚಿ ಸಿಕ್ಕಿಸಿದೆ. ಹಾಗೆ ಮಲಗಿದ್ದಾಗ ಗಾಡಿಯ ತೂಕ ಕಿರುಗುಟ್ಟುವುದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಇನ್ನೊಂದು ತುದಿಯನ್ನು ನನ್ನ ಗಾಡಿಯ ಮುಂದಿನ ಕೊಕ್ಕೆಗೆ ಹಾಕಿದೆ. ಮುದುಕಿ ಬೂಟಿಲ್ಲದೆ ಒಳಗೇ ಕೂತಿದ್ದಳು. ಅವಳನ್ನು ಇಳಿಸಲು ಹೊತ್ತಿರಲಿಲ್ಲ, ತಲೆ ಬಗ್ಗಿಸಿ ಕೂರಲು ಹೇಳಿದೆ. ಪಟ್ಟಿ ಹರಿದರೆ ಹೊಡೆದೀತೆಂದು ಮಗಳನ್ನೂ ಅತ್ತಿಗೆಯನ್ನೂ ಹಿಂದೆ ಮರಗಳ ನಡುವೆ ನಿಲ್ಲಿಸಿದೆ.

ಮೊದಲ ಸಲ ರಿವರ್ಸ್ ಹಾಕಿ ಎಳೆದಾಗ ನನ್ನ ಚಕ್ರಗಳೇ ಹಿಮದಲ್ಲಿ ಸುತ್ತಿದವು. ಹಸಿರು ಗಾಡಿ ಒಂದು ಗೇಣು ಕೆಳಗೆ ಜಾರಿತು. ಮುದುಕಿ ನನ್ನ ಪಕ್ಕದಲ್ಲಿ ಒಂದು ಸಣ್ಣ ಸದ್ದು ಮಾಡಿದಳು, ಗಂಟಲಲ್ಲೇ. ನಾನು ಪಟ್ಟಿ ಸಡಿಲವಾಗದಂತೆ ಹಿಡಿದು ನಿಲ್ಲಿಸಿದೆ.

ಆಗ ಅತ್ತಿಗೆಯ ದನಿ ಕೇಳಿತು. “ನಿಲ್ಲು, ನಿಲ್ಲು. ಚಕ್ರದ ಕೆಳಗೆ ಎಂತದಾದ್ರೂ ಹಾಕುವ.” ಅವರು ಮಗಳನ್ನು ಕರೆದುಕೊಂಡು ಮುರಿದ ಕೊಂಬೆಗಳನ್ನು ಎಳೆದು ತಂದು ನನ್ನ ನಾಲ್ಕೂ ಚಕ್ರಗಳ ಹಿಂದೆ ತುರುಕಿದರು. ಕಾಲಿನಿಂದ ಒದ್ದು ಒದ್ದು ಸೇರಿಸಿದರು. “ಈಗ ಎಳಿ. ಮೆಲ್ಲ.”

ಎರಡನೇ ಸಲ ಕೊಂಬೆಗಳು ಚಟಚಟ ಮುರಿದವು, ಚಕ್ರ ಹಿಡಿಯಿತು. ಹಸಿರು ಗಾಡಿಯ ಹಿಂಭಾಗ ಅಂಚನ್ನು ತಿಕ್ಕುತ್ತ ಮೇಲಕ್ಕೆ ಬಂತು, ಒಮ್ಮೆ ನಿಂತಿತು, ಮತ್ತೆ ಬಂತು. ನಾಲ್ಕೂ ಚಕ್ರ ರಸ್ತೆಯ ಮೇಲೆ ನಿಂತಾಗ ಮುದುಕ ಕೆಳಗಿಳಿದ.

ಅಲ್ಲಿಗೆ ಮುಗಿಯಲಿಲ್ಲ. ನನ್ನ ದೊಡ್ಡ ಟೈರನ್ನು ಅವನ ಹಿಂದಿನ ಚಕ್ರದ ಜಾಗಕ್ಕೆ ಹಾಕುವಂತಿಲ್ಲ. ಅವನ ಗಾಡಿಯಲ್ಲಿ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಅವೆರಡೂ ಒಂದೇ ಅಳತೆಯಲ್ಲಿ ಇಲ್ಲದಿದ್ದರೆ ಒಳಗಿನ ಗೇರು ಹಾಳಾಗುತ್ತದೆ. ಆದ್ದರಿಂದ ಅವನ ಮುಂದಿನ ಒಂದು ಚಕ್ರ ಬಿಚ್ಚಿ ಹಿಂದಕ್ಕೆ ಹಾಕಿ, ನನ್ನದನ್ನು ಮುಂದೆ ಹಾಕಬೇಕು. ಎರಡು ಸಲ ಜಾಕ್ ಏರಿಸಬೇಕು, ಅದೂ ಇಳಿಜಾರಿನಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಮುದುಕ ಅದನ್ನೇ ಹೇಳಿದ. “ಮುಂದಿನದು ಹಿಂದಕ್ಕೆ, ನಿಮ್ಮದು ಮುಂದಕ್ಕೆ.” ನಾನು ಅವನ ಮುಖ ನೋಡಲಿಲ್ಲ.

ಮಗಳು ಚಕ್ರಗಳಿಗೆ ಕಲ್ಲು ಕೊಟ್ಟಳು. ಹಲಗೆಯ ಮೇಲೆ ಜಾಕ್ ಇಟ್ಟು ಹಿಂಭಾಗ ಏರಿಸಿದೆ. ಕೊನೆಯ ನಟ್ಟು ತೆಗೆದು ಮುದುಕ ಚಕ್ರ ಹೊರಗೆಳೆಯುತ್ತಿದ್ದಾಗ ಹಲಗೆ ಕೆಸರಿನಲ್ಲಿ ಓರೆಯಾಯಿತು. “ಕೈ” ಎಂದು ಕೂಗಿದೆ. ಅವನು ಹಿಂದಕ್ಕೆ ಬಿದ್ದ. ಗಾಡಿ ಧಪ್ಪೆಂದು ಕೂತಿತು, ಕೂತದ್ದು ಹರಿದ ಚಕ್ರದ ಮೇಲೆಯೇ. ಅದು ಅರ್ಧ ಹೊರಬಂದಿತ್ತು, ಪೂರ್ತಿ ಬಂದಿರಲಿಲ್ಲ. ಅವನ ಕೈಗವಸಿನ ತುದಿ ಅದರ ಕೆಳಗೆ ಸಿಕ್ಕಿತ್ತು, ಬೆರಳು ಸಿಕ್ಕಿರಲಿಲ್ಲ. ಇಬ್ಬರೂ ಕೆಸರಿನಲ್ಲಿ ಕೂತು ಆ ಖಾಲಿ ಕೈಗವಸಿನ ತುದಿಯನ್ನು ನೋಡಿದೆವು. ಆಮೇಲೆ ಮತ್ತೆ ಜಾಕ್ ಏರಿಸಿದೆವು.

ನನ್ನ ಸ್ಟೆಪ್ನಿಯನ್ನು ಅವನ ಮುಂದಿನ ಅಚ್ಚಿಗೆ ಎತ್ತಿ ಹಿಡಿದಾಗ ಆರು ತೂತುಗಳು ಆರು ಬೋಲ್ಟುಗಳ ಮೇಲೆ ಸಲೀಸಾಗಿ ಕೂತವು. ಮಗಳು ನಟ್ಟುಗಳನ್ನು ಒಂದೊಂದಾಗಿ ಕೊಟ್ಟಳು. ಮುದುಕ ಅವನ್ನು ಬಿಗಿ ಮಾಡಿದ.

ಒಳದಾರಿಯಲ್ಲಿ ಕೆಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಅರ್ಧ ಮೈಲಿ ಹಿಂದಕ್ಕೆ ಏರಿ ಮುಖ್ಯ ರಸ್ತೆ ಸೇರಿದೆವು. ಅವನ ಎರಡೇ ಚಕ್ರದ ಶಕ್ತಿಗೆ ಹಿಮದಲ್ಲಿ ಏರು ಕಷ್ಟವಾಗಿ, ಪಟ್ಟಿ ಹಾಕಿ ಎಳೆದುಕೊಂಡೇ ಹೋಗಬೇಕಾಯಿತು. ಆಮೇಲೆ ಹದಿನಾರು ಮೈಲಿ. ಅವನು ಮುಂದೆ, ನಾನು ಹಿಂದೆ. ಮುದುಕಿ ನಮ್ಮ ಗಾಡಿಯಲ್ಲೇ ಉಳಿದಳು, ಅತ್ತಿಗೆ ಅವಳ ಪಾದಗಳನ್ನು ಉಜ್ಜುತ್ತಿದ್ದರು. ಒಂಬತ್ತನೇ ಮೈಲಿಯ ಹತ್ತಿರ ನನ್ನ ಮುಂದಿನ ಬಲ ಟೈರಿಗೆ ಏನೋ ಜೋರಾಗಿ ಬಡಿಯಿತು. ನಿಲ್ಲಿಸಿ ಇಳಿದು, ಟಾರ್ಚು ಬಿಟ್ಟು, ಕೈಯಿಂದ ಸುತ್ತಲೂ ಸವರಿ ನೋಡಿದೆ. ಒಂದು ಕಡೆ ರಬ್ಬರು ಉಗುರಿನಷ್ಟು ಎದ್ದಿತ್ತು. ಗಾಳಿ ಹೋಗುತ್ತಿದೆಯೇ ಎಂದು ಕಿವಿ ಹತ್ತಿರವಿಟ್ಟು ಕೇಳಿದೆ. ಹಿಮ ಬೀಳುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಉಳಿದ ಏಳು ಮೈಲಿ ನಾನು ಆ ಟೈರನ್ನೇ ಯೋಚಿಸುತ್ತ ಓಡಿಸಿದೆ. ಅದು ಕೊನೆಯವರೆಗೂ ನಿಂತಿತು.

ಟಾರು ರಸ್ತೆಗೆ ಬಂದಾಗ ಇನ್ನೂ ಬೆಳಕಿತ್ತು. ಅಲ್ಲಿ ಹಿಮವಿರಲಿಲ್ಲ, ಬರೀ ಮಳೆ. ಮುದುಕ ಫೋನ್ ಮಾಡಿ ಮಗನನ್ನು ಬರಲು ಹೇಳಿದ. ಆಮೇಲೆ ಮಾತಿನಂತೆ ಜಾಕ್ ಹಾಕಿ ನನ್ನ ಸ್ಟೆಪ್ನಿ ಬಿಚ್ಚತೊಡಗಿದ. ನಾನು ಪಕ್ಕದಲ್ಲಿ ಕೂತು ನಟ್ಟುಗಳನ್ನು ತೆಗೆದುಕೊಳ್ಳುತ್ತಿದ್ದೆ. ಹೇಳದೆ ಹೋಗಲು ಸಾಧ್ಯವಿರಲಿಲ್ಲ.

“ಹೊಂದುವುದಿಲ್ಲ ಎಂದು ನಾನು ಸುಳ್ಳು ಹೇಳಿದೆ” ಎಂದೆ.

“ಗೊತ್ತು” ಎಂದ ಅವನು, ಸ್ಪ್ಯಾನರಿನಿಂದ ಕಣ್ಣು ತೆಗೆಯದೆ. “ಈ ಕಂಪನಿಯ ಗಾಡಿಗಳನ್ನು ಮೂವತ್ತು ವರ್ಷದಿಂದ ಓಡಿಸುತ್ತಿದ್ದೇನೆ. ಗೊತ್ತಿದ್ದೇ ಕೇಳಿದ್ದು.”

“ಹಾಗಾದರೆ ಯಾಕೆ ಜಗಳ ಮಾಡಲಿಲ್ಲ?”

ಅವನು ಬಿಚ್ಚಿದ ನಟ್ಟನ್ನು ನನ್ನ ಕೈಗೆ ಕೊಟ್ಟ. “ನಿಮ್ಮ ಜೊತೆ ಮಗು ಇತ್ತು. ಸ್ಟೆಪ್ನಿ ಜಗಳ ಮಾಡಿ ತೆಗೆದುಕೊಳ್ಳುವ ವಸ್ತುವಲ್ಲ.” ಆಮೇಲೆ ಇನ್ನೊಂದು ಮಾತು ಸೇರಿಸಿದ. “ಆದರೆ ನೀವು ಹೋದ ಮೇಲೆ ಬಹಳ ಕೋಪ ಬಂತು. ಆ ಕೋಪದಲ್ಲೇ ರಿಮ್ಮಿನ ಮೇಲೆ ಓಡಿಸಿದೆ. ಅದು ನನ್ನ ತಪ್ಪು.”

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಚಕ್ರವನ್ನು ಇಬ್ಬರೂ ಹಿಡಿದು ನನ್ನ ಹಿಂಬಾಗಿಲಿಗೆ ಏರಿಸಿದೆವು. ಮುದುಕಿ ಅತ್ತಿಗೆಯ ಶಾಲು ಬಿಚ್ಚಿಕೊಡಲು ಹೋದಳು. ಅತ್ತಿಗೆ, “ಬೇಡ, ಇಟ್ಕೊಳ್ಳಿ” ಎಂದು ಕನ್ನಡದಲ್ಲೇ ಹೇಳಿ ಅವಳ ಮೊಣಕಾಲಿನ ಮೇಲೆ ಮತ್ತೆ ಹೊದಿಸಿದರು. ಮುದುಕನ ಮಗ ಬರುವವರೆಗೆ ನಾವೂ ಅಲ್ಲೇ ಇದ್ದೆವು.

ಮುಕಿಲ್ಟಿಯೊದಲ್ಲಿ ಇಳಿಯುವಾಗ ಅತ್ತಿಗೆ ನನ್ನ ಭುಜ ಹಿಡಿದು, “ನಿನ್ನ ಗಂಡನಿಗೆ ನೀನೇ ಹೇಳು. ನಾನು ಹೇಳುದಿಲ್ಲ” ಎಂದರು. ಮನೆಗೆ ಬಂದು ಹೇಳಿದೆ, ಎಲ್ಲವನ್ನೂ, ಸುಳ್ಳನ್ನೂ ಸೇರಿಸಿ. ಅವರು ಕೇಳಿಸಿಕೊಂಡು, “ನಾನಾಗಿದ್ರೆ ವಾಪಸ್ ಹೋಗ್ತಿದ್ನೋ ಇಲ್ವೋ” ಎಂದಷ್ಟೇ ಹೇಳಿ, ಮಗಳ ಒದ್ದೆ ಬಟ್ಟೆಗಳನ್ನು ಎತ್ತಿಕೊಂಡು ಹೋದರು.

ಮಗಳು ಎರಡು ದಿನ ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಬುಧವಾರ ಬೆಳಿಗ್ಗೆ ದೋಸೆ ಹಾಕುತ್ತಿದ್ದಾಗ ಅಡುಗೆಮನೆಗೆ ಬಂದು ಎತ್ತರದ ಸ್ಟೂಲಿನ ಮೇಲೆ ಕೂತಳು. ತಿಂದು ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ.

“ಇಫ್ ಐ ಡಿಡಂಟ್ ಸೇ ಎನಿಥಿಂಗ್,” ಎಂದು ನಿಲ್ಲಿಸಿ, ಆಮೇಲೆ ಅವಳಿಗೆ ಕಷ್ಟವಾಗುವ ಕನ್ನಡದಲ್ಲಿ ಕೇಳಿದಳು. “ನೀನು ವಾಪಸ್ ಹೋಗ್ತಿದ್ಯಾ?”

ಹೋಗುತ್ತಿದ್ದೆ ಎನ್ನಲು ಬಾಯಿ ತೆರೆದೆ. ಅವಳು ನನ್ನನ್ನು ನೇರವಾಗಿ ನೋಡುತ್ತಿದ್ದಳು.

“ಇಲ್ಲ ಅನ್ಸುತ್ತೆ. ಕೆಳಗೆ ಹೋಗಿ ಫೋನ್ ಮಾಡ್ತಿದ್ದೆ. ಆಮೇಲೆ ಮನೆಗೆ ಬರ್ತಿದ್ದೆ” ಎಂದೆ.

ಅವಳು ತಲೆಯಾಡಿಸಿದಳು. ಸಿಟ್ಟಾದಂತೆ ಕಾಣಲಿಲ್ಲ, ಸಮಾಧಾನವಾದಂತೆಯೂ ಕಾಣಲಿಲ್ಲ. ತಟ್ಟೆ ಮುಂದೆ ಚಾಚಿ ಇನ್ನೊಂದು ದೋಸೆ ಕೇಳಿದಳು. ತಿಂದು ಮುಗಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಮಳೆಯಲ್ಲಿ ಸ್ಕೂಲ್ ಬಸ್ಸಿನ ಕಡೆ ಓಡಿದಳು.